ಬರಹದ ಕಷ್ಟವನ್ನು ಅಳೆಯಬಹುದೆ?

(ಬಾನುಲಿ ಭಾಷಣ)

ಅಳತೆಯಿಲ್ಲದೆ ಲೋಕದ ವ್ಯವಹಾರ ಸಾಗುವುದಿಲ್ಲ. ನಮ್ಮ ಕರಾವಳಿಯಲ್ಲಿ ಅಕ್ಕಿಯನ್ನು ಮುಡಿ ಕಟ್ಟಿ, ಸೇರಿನಲ್ಲಿ ಅಳೆದು ಕೊಟ್ಟು ಕೊಳ್ಳುತ್ತಿದ್ದ ಕಾಲದಲ್ಲಿ ಒಂದು ಮುಡಿಗೆ ಎಷ್ಟು ಸೇರು ಎಂಬ ಲೆಕ್ಕ ಎಲ್ಲ ಊರಲ್ಲೂ ಒಂದೇ ಆಗಿರಲಿಲ್ಲ. 1956ರಲ್ಲಿ ಕಾನೂನಾಗಿ, ಮುಂದಿನ ಕೆಲವು ವರ್ಷಗಳಲ್ಲಿ ಕಿಲೋಗ್ರಾಮು ಬಳಕೆಗೆ ಬಂದ ಮೇಲೆ ಆ ತಂಟೆ ತೀರಿತು. ಅಕ್ಕಿಗೆ ತಕ್ಕಡಿಯಿದೆ, ಬಟ್ಟೆಗೆ ಮೀಟರು ಇದೆ, ಜ್ವರಕ್ಕೆ ಥರ್ಮಾಮೀಟರು ಇದೆ. ಬರಹಕ್ಕೆ ಏನಿದೆ? ಒಂದು ಪಾಠ, ಒಂದು ಅರ್ಜಿ, ಒಂದು ಔಷಧದ ಚೀಟಿ ಓದುವವನಿಗೆ ಎಷ್ಟು ಭಾರವಾಗುತ್ತದೆ ಎಂದು ತೂಗಿ ನೋಡುವ ತಕ್ಕಡಿ ಯಾವುದಾದರೂ ಉಂಟೆ? ಈ ಪ್ರಶ್ನೆಯನ್ನು ಈ ಹೊತ್ತು ತಮ್ಮ ಮುಂದಿಡುತ್ತೇನೆ.

ಇದು ಪಂಡಿತರ ಕೋಣೆಯೊಳಗೆ ಮುಗಿಯುವ ಪ್ರಶ್ನೆಯಲ್ಲ. ಗದ್ದೆಯ ಅಂಚಿನವರೆಗೆ ಬರುವ ಪ್ರಶ್ನೆ. ಕರ್ನಾಟಕದ ಭೂಸುಧಾರಣೆಯ ತಿದ್ದುಪಡಿ ಕಾನೂನು 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿಗೆ ಉಳುತ್ತಿದ್ದವನು ತಾನು ಉಳುವ ಭೂಮಿಯ ಹಕ್ಕನ್ನು ಪಡೆಯಬೇಕಾದರೆ ನಮೂನೆ 7 ಎಂಬ ಅರ್ಜಿಯನ್ನು ತುಂಬಿಸಿ ಭೂನ್ಯಾಯ ಮಂಡಳಿಗೆ ಕೊಡಬೇಕಿತ್ತು. ಅರ್ಜಿಯ ಕೊನೆಯ ದಿನವನ್ನು ಮುಂದೂಡುತ್ತ ಬಂದು ಕಡೆಗೆ 1979ರ ಜೂನ್ 30ಕ್ಕೆ ನಿಲ್ಲಿಸಲಾಯಿತು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಚಾಲಗೇಣಿಯ ಒಕ್ಕಲಿಗೆ ಆ ಒಂದು ಹಾಳೆ ಎಂದರೆ ತಲೆಮಾರುಗಳ ಬೆವರಿನ ಬೆಲೆ. ಅದನ್ನು ತಾನೇ ಓದಿ ತಿಳಿಯಲಾರದವನು ಓದಿ ಹೇಳುವವರನ್ನು ಹುಡುಕಿಕೊಂಡು ಹೋಗಬೇಕು. ಹಾಗೆ ಓದಿ ಹೇಳುವವನು ಒಮ್ಮೊಮ್ಮೆ ಧಣಿಯ ಕಡೆಯವನೇ ಆಗಿರಬಹುದು! ಆಗ ಅರ್ಜಿ ಹಾಕದೆ ಉಳಿದವರಿಗಾಗಿ 1998ರಲ್ಲಿ 7-ಎ ಎಂಬ ಇನ್ನೊಂದು ನಮೂನೆ ಬಂತು. ಉಳಿದವರೆಲ್ಲ ಓದಲು ಬಾರದೆಯೇ ಉಳಿದರೆಂದು ಹೇಳುವುದು ಸರಿಯಲ್ಲ; ಹೆದರಿಕೆ, ದಾಕ್ಷಿಣ್ಯ, ಉದಾಸೀನ ಎಲ್ಲವೂ ಇದ್ದೀತು. ಆದರೆ ಹಕ್ಕಿಗೂ ಮನುಷ್ಯನಿಗೂ ನಡುವೆ ಒಂದು ಬರಹ ನಿಂತಿತ್ತು ಎಂಬುದು ಮಾತ್ರ ನಿಜ.

ಅದೇ ಕಾಲದ ಒಂದು ಘೋಷಣೆಯನ್ನು ನೆನಪಿಸಿಕೊಳ್ಳಿ: ‘ಉಳುವವನೇ ಹೊಲದೊಡೆಯ.’ ಎರಡೇ ಪದ. ನಮ್ಮ ಕಡೆ ಇರುವುದು ಹೊಲವಲ್ಲ, ಗದ್ದೆ. ಆದರೂ ಅದರ ಅರ್ಥ ಯಾರಿಗೆ ತಿಳಿಯದೆ ಹೋಯಿತು? ಘೋಷಣೆ ಎಲ್ಲರಿಗೂ ತಿಳಿಯಿತು, ಅರ್ಜಿ ಕೆಲವರಿಗೆ ಮಾತ್ರ ತಿಳಿಯಿತು. ಈ ಎರಡರ ನಡುವಣ ಅಂತರವನ್ನು ಅಂಕಿಯಲ್ಲಿ ಹೇಳಲು ಸಾಧ್ಯವೆ?

ಸಾಧ್ಯವೆಂದು ನಂಬಿ ಕೆಲಸ ಮಾಡಿದವರು ಅಮೆರಿಕದ ಶಿಕ್ಷಣಶಾಸ್ತ್ರಜ್ಞರು. 1921ರಲ್ಲಿ ಥಾರ್ನ್‌ಡೈಕ್ ಎಂಬ ಪ್ರಾಧ್ಯಾಪಕರು ಇಂಗ್ಲಿಷ್ ಪುಸ್ತಕಗಳಲ್ಲಿ ಯಾವ ಪದ ಎಷ್ಟು ಸಲ ಬರುತ್ತದೆ ಎಂದು ಎಣಿಸಿ, ಹತ್ತು ಸಾವಿರ ಪದಗಳ ಪಟ್ಟಿಯೊಂದನ್ನು ಉಪಾಧ್ಯಾಯರ ಕೈಗೆ ಕೊಟ್ಟರು. ಮತ್ತೆ ಮತ್ತೆ ಬರುವ ಪದ ಸುಲಭ, ಅಪರೂಪದ ಪದ ಕಷ್ಟ ಎಂಬುದು ಅದರ ಹಿಂದಿನ ತರ್ಕ. 1948ರಲ್ಲಿ ಎರಡು ಸೂತ್ರಗಳು ಬಂದವು. ಡೇಲ್ ಮತ್ತು ಚಾಲ್ ಎಂಬಿಬ್ಬರು ನಾಲ್ಕನೆಯ ತರಗತಿಯ ಮಕ್ಕಳಿಗೆ ಗೊತ್ತಿರುವ ಸುಮಾರು ಮೂರು ಸಾವಿರ ಪದಗಳನ್ನು ಆರಿಸಿ, ಆ ಪಟ್ಟಿಯ ಹೊರಗಿನ ಪದಗಳು ಎಷ್ಟಿವೆ ಎಂದು ನೋಡಿ ಬರಹದ ಕಷ್ಟವನ್ನು ಗೊತ್ತುಮಾಡಿದರು. ಇನ್ನೊಂದು ಸೂತ್ರ ರುಡಾಲ್ಫ್ ಫ್ಲೆಶ್ ಎಂಬವರದು. ಇವರು ವಿಯೆನ್ನಾದಲ್ಲಿ ಹುಟ್ಟಿ, ಕಾನೂನು ಓದಿ, 1938ರಲ್ಲಿ ಅಮೆರಿಕಕ್ಕೆ ಹೋದವರು. ಇಂಗ್ಲಿಷ್ ಅವರ ಮನೆಮಾತಲ್ಲ. ಪರಭಾಷೆಯನ್ನು ಕಲಿತು ಬರೆದವನಿಗೆ ಕ್ಲಿಷ್ಟ ಬರಹದ ನೋವು ಚೆನ್ನಾಗಿ ತಿಳಿದಿರುತ್ತದೆ.

ಫ್ಲೆಶ್ ಅವರ ಲೆಕ್ಕ ಹೀಗಿದೆ. ಒಂದು ವಾಕ್ಯಕ್ಕೆ ಸರಾಸರಿ ಎಷ್ಟು ಪದ ಎಂದು ನೋಡಿ ಅದನ್ನು 1.015ರಿಂದ ಗುಣಿಸಿರಿ. ಒಂದು ಪದಕ್ಕೆ ಸರಾಸರಿ ಎಷ್ಟು ಉಚ್ಚಾರದ ತುಂಡುಗಳು ಎಂದು ನೋಡಿ ಅದನ್ನು 84.6ರಿಂದ ಗುಣಿಸಿರಿ. ಈ ಎರಡನ್ನೂ 206.835ರಿಂದ ಕಳೆಯಿರಿ. ಉಳಿದದ್ದು ನೂರರ ಹತ್ತಿರವಿದ್ದರೆ ಬರಹ ಬಹಳ ಸುಲಭ. ಸೊನ್ನೆಯ ಹತ್ತಿರವಿದ್ದರೆ ಬಹಳ ಕಷ್ಟ. ಸಣ್ಣ ವಾಕ್ಯ, ಸಣ್ಣ ಪದ, ಸುಲಭ ಓದು: ಇಷ್ಟೇ ಅದರ ತಿರುಳು. 1975ರಲ್ಲಿ ಕಿನ್‌ಕೇಡ್ ಮತ್ತು ಅವರ ಸಂಗಡಿಗರು ಅಮೆರಿಕದ ನೌಕಾದಳಕ್ಕಾಗಿ ಈ ಸೂತ್ರವನ್ನು ಹೊಂದಿಸಿ, ಬರಹ ಎಷ್ಟನೆಯ ತರಗತಿಯ ಮಟ್ಟದ್ದೆಂದು ಹೇಳುವಂತೆ ಮಾಡಿದರು. ಯಂತ್ರದ ಕೈಪಿಡಿ ಯಂತ್ರ ನಡೆಸುವವನಿಗೇ ತಿಳಿಯದಿದ್ದರೆ ಹಡಗಿನ ಗತಿ ಏನು?

ಈಗ ಈ ವಿಲಾಯತಿ ತಕ್ಕಡಿಯಲ್ಲಿ ನಮ್ಮ ಕನ್ನಡವನ್ನು ಇಟ್ಟು ನೋಡೋಣ. ‘ನಮ್ಮ ಮನೆಯ ಮುಂದೆ ತೆಂಗಿನ ಮರವಿದೆ.’ ಒಂದನೆಯ ತರಗತಿಯ ಮಗುವೂ ತಿಳಿಯಬಲ್ಲ ವಾಕ್ಯ. ಪದಗಳು ಐದು, ಅಕ್ಷರಗಳು ಹದಿನಾಲ್ಕು. ಒಂದು ಪದಕ್ಕೆ 2.8 ಅಕ್ಷರ. ಫ್ಲೆಶ್ ಅವರ ಲೆಕ್ಕದಲ್ಲಿ ಗುಣಿಸಿ ಕಳೆದರೆ ಸೊನ್ನೆಗಿಂತಲೂ 35ರಷ್ಟು ಕೆಳಗೆ ಹೋಗುತ್ತದೆ! ಎಂದರೆ ನಮ್ಮ ಮನೆಯ ಮುಂದಿನ ತೆಂಗಿನ ಮರ ಇಂಗ್ಲಿಷಿನ ಕಾನೂನುಗ್ರಂಥಕ್ಕಿಂತ ಕಷ್ಟ ಎಂದಾಯಿತು. ಇದರಲ್ಲಿ ಫ್ಲೆಶ್ ಅವರ ತಪ್ಪಿಲ್ಲ. ಅವರು ಇಂಗ್ಲಿಷಿಗೆ ಸೇರು ಕಟ್ಟಿದರು. ನಾವು ಅದರಲ್ಲಿ ಬೇರೆ ಕಾಳನ್ನು ಅಳೆಯಹೊರಟೆವು.

ಕನ್ನಡದ ಪದವೇ ಬೇರೆ ಜಾತಿಯದು. ‘ಮನೆಯಲ್ಲಿದ್ದವರಿಗೂ’ ಎಂಬ ಒಂದೇ ಪದದಲ್ಲಿ ಮನೆ, ಅದರೊಳಗೆ ಇರುವಿಕೆ, ಇದ್ದವರು, ಅವರಿಗೆ, ಅವರಿಗೂ ಸಹ ಎಂಬಷ್ಟು ಅರ್ಥ ಅಡಗಿದೆ. ಇಂಗ್ಲಿಷಿನವನು ಇದಕ್ಕೆ ಏಳೆಂಟು ಪದಗಳನ್ನು ಖರ್ಚು ಮಾಡುತ್ತಾನೆ. ಹಾಗೆಂದು ನಮ್ಮ ಉದ್ದ ಪದಗಳೆಲ್ಲ ಕಷ್ಟವಲ್ಲ. ನಾಲಗೆಗೆ ಅಭ್ಯಾಸವಾದ ಪ್ರತ್ಯಯಗಳು ಸರಪಳಿಯ ಕೊಂಡಿಗಳಂತೆ ಒಂದರ ಹಿಂದೊಂದು ಬರುತ್ತವೆ. ಮಗು ‘ಮಾಡುತ್ತಿದ್ದೇನೆ’ ಎಂದು ಐದಕ್ಷರ ಹೇಳಲು ಶಾಲೆಗೆ ಹೋಗಬೇಕಾಗಿಲ್ಲ. ಆದ್ದರಿಂದ ಕನ್ನಡದಲ್ಲಿ ಉದ್ದವನ್ನು ಅಳೆಯುವುದಾದರೆ, ಮನೆಮಾತಿನ ಪ್ರತ್ಯಯದಿಂದ ಬೆಳೆದ ಉದ್ದ ಯಾವುದು, ಗ್ರಂಥಭಾಷೆಯ ಸಮಾಸದಿಂದ ಬೆಳೆದ ಉದ್ದ ಯಾವುದು ಎಂದು ಮೊದಲು ಬೇರ್ಪಡಿಸಬೇಕು. ಇಂದು ಗಣಕಯಂತ್ರ ಕಣ್ಣು ಮುಚ್ಚಿ ತೆರೆಯುವುದರೊಳಗೆ ಅಕ್ಷರ ಎಣಿಸಿಬಿಡುತ್ತದೆ. ಎಣಿಸಬೇಕಾದದ್ದು ಏನು ಎಂಬುದನ್ನು ನಾವು ಅದಕ್ಕೆ ಸರಿಯಾಗಿ ಹೇಳಿಕೊಡಬೇಕು, ಅಷ್ಟೆ.

ಒಂದು ಉದಾಹರಣೆಯನ್ನು ಕೊಡುತ್ತೇನೆ. ಇದು ಯಾವ ಕಚೇರಿಯ ಕಾಗದವೂ ಅಲ್ಲ. ಮಾದರಿಗಾಗಿ ನಾನೇ ಬರೆದದ್ದು. ಆದರೆ ಇದರ ದಾಟಿ ತಮಗೆ ಅಪರಿಚಿತವಾಗಿರಲಾರದು. ‘ಸದರಿ ಗ್ರಾಮದ ಸರ್ವೆ ನಂಬರಿನಲ್ಲಿ ಅಡಕವಾಗಿರುವ ಜಮೀನಿನ ಅನುಭೋಗದಲ್ಲಿರುವ ವ್ಯಕ್ತಿಯು ನಿಗದಿಪಡಿಸಲಾದ ಅವಧಿಯೊಳಗಾಗಿ ತನ್ನ ಹಕ್ಕುಬಾಧ್ಯತೆಗಳ ಕುರಿತ ಘೋಷಣಾಪತ್ರವನ್ನು ಸಕ್ಷಮ ಪ್ರಾಧಿಕಾರದ ಮುಂದೆ ಹಾಜರುಪಡಿಸತಕ್ಕದ್ದು.’

ಇದನ್ನೇ ಹೀಗೆ ಹೇಳಬಹುದು: ‘ಈ ಜಮೀನನ್ನು ನೀವು ಸಾಗುವಳಿ ಮಾಡುತ್ತಿದ್ದೀರಾ? ಹಾಗಾದರೆ ಈ ಅರ್ಜಿಯನ್ನು ತುಂಬಿಸಿ. ತಿಂಗಳ ಕೊನೆಯ ದಿನದೊಳಗೆ ತಾಲೂಕು ಕಚೇರಿಗೆ ಕೊಡಿ. ತಪ್ಪಿದರೆ ನಿಮ್ಮ ಹಕ್ಕು ಹೋಗಬಹುದು.’

ಮೊದಲನೆಯದರಲ್ಲಿ 18 ಪದ, ಎರಡನೆಯದರಲ್ಲಿ 19. ಪದಗಳ ಲೆಕ್ಕದಲ್ಲಿ ಎರಡನೆಯದೇ ಉದ್ದ! ಆದರೆ ಮೊದಲನೆಯದು ಒಂದೇ ವಾಕ್ಯ, ಎರಡನೆಯದು ನಾಲ್ಕು. ಮೊದಲನೆಯದರಲ್ಲಿ 88 ಅಕ್ಷರ, ಎರಡನೆಯದರಲ್ಲಿ 61. ಪದವೊಂದಕ್ಕೆ ಅಲ್ಲಿ ಹೆಚ್ಚುಕಡಿಮೆ ಐದು, ಇಲ್ಲಿ ಮೂರಕ್ಕಿಂತ ಸ್ವಲ್ಪ ಮೇಲೆ. ಎಣಿಕೆಯಿಂದ ಇಷ್ಟಾದರೂ ಹೊರಗೆ ಬರುತ್ತದೆ, ಇದು ಸಣ್ಣ ಲಾಭವಲ್ಲ. ಇದರ ಜೊತೆಗೆ ಕನ್ನಡದ ಇನ್ನೊಂದು ಗುಣವನ್ನೂ ಗಮನಿಸಬೇಕು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಅಡಕವಾಗಿರುವ’, ‘ಅನುಭೋಗದಲ್ಲಿರುವ’, ‘ನಿಗದಿಪಡಿಸಲಾದ’ ಎಂದು ಒಂದರ ಮೇಲೊಂದು ಹೇರಿದ ಹೊರೆಯನ್ನೆಲ್ಲ ತಲೆಯ ಮೇಲೆ ಹೊತ್ತುಕೊಂಡು ಓದುಗನು ‘ಹಾಜರುಪಡಿಸತಕ್ಕದ್ದು’ ಎಂಬ ಕಟ್ಟೆ ಸಿಗುವವರೆಗೆ ನಡೆಯಬೇಕು. ನಡುದಾರಿಯಲ್ಲಿ ಒಂದು ಮೂಟೆ ಬಿದ್ದುಹೋದರೆ ಆಶ್ಚರ್ಯವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲನೆಯ ಬರಹದಲ್ಲಿ ಯಾವಾಗ, ಎಲ್ಲಿ ಎಂಬುದೇ ಇಲ್ಲ. ಸುಲಭವಾಗಿ ಬರೆಯಹೊರಟಾಗ ಅದನ್ನು ಹೇಳಲೇಬೇಕಾಯಿತು. ಕ್ಲಿಷ್ಟ ಭಾಷೆ ಎಷ್ಟೋ ಸಲ ಹೇಳದೆ ಬಿಟ್ಟದ್ದನ್ನು ಮುಚ್ಚಿಡುವ ಹೊದಿಕೆಯೂ ಆಗಿರುತ್ತದೆ.

ಹಾಗಾದರೆ ಸಣ್ಣ ಪದಗಳೆಲ್ಲ ಸುಲಭವೆ? ಇಲ್ಲಿಯೂ ನಮ್ಮ ಊರಿನ ಅನುಭವ ಬೇರೆ ಮಾತು ಹೇಳುತ್ತದೆ. ‘ಹಾಡಿ’ ಎಂಬುದು ಎರಡಕ್ಷರದ ಪದ. ಕುಂದಾಪುರದವನಿಗೆ ಹಾಡಿ ಎಂದರೆ ಮರಗಿಡಗಳ ಕಾಡು. ಕೊಡಗು, ಹೆಗ್ಗಡದೇವನಕೋಟೆಯ ಕಡೆ ಗಿರಿಜನರ ವಸತಿ. ವ್ಯಾಕರಣದ ಮೇಷ್ಟರಿಗೆ ಹಾಡು ಎಂಬ ಧಾತುವಿನ ಒಂದು ರೂಪ. ಬಯಲುಸೀಮೆಯವನಿಗೆ ಬಯಲು ಎಂದರೆ ಬಟ್ಟ ಬರಿಯ ಸಮನೆಲ. ನಮ್ಮಲ್ಲಿ ಬೈಲು ಎಂದರೆ ನೀರು ನಿಲ್ಲುವ ತಗ್ಗಿನ ಗದ್ದೆ. ಅದಕ್ಕಿಂತ ಮೇಲಿನದು ಮಜಲು. ಇನ್ನೂ ಮೇಲೆ, ಮಳೆಯನ್ನೇ ನಂಬಿದ್ದು ಬೆಟ್ಟು. ಈ ಮೂರು ಪದಗಳು ಇಲ್ಲಿಯ ರೈತನಿಗೆ ಅಂಗೈಯ ಗೆರೆಗಳಷ್ಟು ಪರಿಚಿತ. ಬೆಂಗಳೂರಿನ ಓದುಗ ‘ಬೆಟ್ಟು ಗದ್ದೆ’ ಎಂದು ಓದಿ ಬೆಟ್ಟದ ಮೇಲಿನ ಗದ್ದೆಯೆಂದು ಭಾವಿಸಿದರೆ ಅವನನ್ನು ದೂರುವಂತಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಒಂದಿದೆ. ಸೀತಾನದಿಯನ್ನು ದಾಟಿ ಉತ್ತರಕ್ಕೆ ಬಂದರೆ ತುಳು ಹಿಂದೆ ಸರಿದು ಕುಂದಾಪ್ರ ಕನ್ನಡ ಕೇಳಿಸತೊಡಗುತ್ತದೆ. ಈ ಕನ್ನಡದಲ್ಲಿ ‘ದುಡ್ ಇತ್ತಾ?’ ಎಂದರೆ ಈಗ ದುಡ್ಡು ಇದೆಯೆ ಎಂದು ಅರ್ಥ. ಪುಸ್ತಕದ ಕನ್ನಡದಲ್ಲಿ ‘ಇತ್ತು’ ಎಂದರೆ ಹಿಂದೆ ಇದ್ದದ್ದು, ಈಗ ಇಲ್ಲವಾದದ್ದು. ‘ಅವನ ಮನೆಯಲ್ಲಿ ಹಸು ಇತ್ತು’ ಎಂಬ ಪಾಠದ ವಾಕ್ಯವನ್ನು ಈ ಊರಿನ ಮಗು ತಡವರಿಸದೆ ಓದೀತು. ಆದರೆ ಅದರ ಮನಸ್ಸಿನಲ್ಲಿ ಆ ಹಸು ಇನ್ನೂ ಕೊಟ್ಟಿಗೆಯಲ್ಲಿ ಹುಲ್ಲು ತಿನ್ನುತ್ತಿರಬಹುದು! ಕಷ್ಟ ಪದ ಎದುರಾದರೆ ಮಗು ನಿಲ್ಲುತ್ತದೆ, ಕೇಳುತ್ತದೆ. ಸುಲಭವೆಂದು ತೋರಿ ಬೇರೆ ಅರ್ಥ ಕೊಡುವ ಪದದಲ್ಲಿ ಅದು ನಿಲ್ಲುವುದೇ ಇಲ್ಲ. ಇಂಥ ಕಷ್ಟ ಯಾವ ಎಣಿಕೆಗೂ ಸಿಕ್ಕುವುದಿಲ್ಲ. ಬ್ರಹ್ಮಾವರದ ತುಳು ಮನೆಯ ಮಗು, ಪೇಟೆಯ ಕೊಂಕಣಿ ಮನೆಯ ಮಗು, ಶಿರೂರಿನ ನವಾಯತಿ ಮನೆಯ ಮಗು, ಇವರೆಲ್ಲರಿಗೂ ಪಠ್ಯಪುಸ್ತಕ ಒಂದೇ. ಆದರೆ ಅದರ ಭಾರ ಒಂದೇ ಅಲ್ಲ.

ಪದ ಪರಿಚಯಕ್ಕಿಂತಲೂ ದೊಡ್ಡದು ವಿಷಯದ ಪರಿಚಯ. ಮಂದಾರ್ತಿ ಮೇಳದ್ದೋ ಮಾರಣಕಟ್ಟೆ ಮೇಳದ್ದೋ ಆಟ ನಡೆಯುವಾಗ ಬಯಲಲ್ಲಿ ಕುಳಿತವರನ್ನು ನೋಡಿ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಅರ್ಥಧಾರಿಯ ಸಂಸ್ಕೃತಭೂಯಿಷ್ಠವಾದ ಮಾತನ್ನು ತಲೆದೂಗುತ್ತ ಕೇಳುತ್ತಾಳೆ. ಹನ್ನೊಂದು ಅಕ್ಷೌಹಿಣಿ ಎಂದರೆ ಏನೆಂದು ಅವಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದು ಕೌರವನ ಸೈನ್ಯವೆಂದು ಅವಳಿಗೆ ಗೊತ್ತು. ಅದೇ ಅಜ್ಜಿಗೆ ‘ಅನುಭೋಗ’, ‘ಸಕ್ಷಮ ಪ್ರಾಧಿಕಾರ’ ಎಂದರೆ ಕತ್ತಲೆ. ಅಕ್ಷೌಹಿಣಿ ಸುಲಭ, ಅನುಭೋಗ ಕಷ್ಟ! ಕಾರಣ ಸ್ಪಷ್ಟವಾಗಿದೆ. ಕಥೆ ಮೊದಲೇ ಮನಸ್ಸಿನಲ್ಲಿದ್ದರೆ ಪದ ತಾನಾಗಿ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಕಚೇರಿಯ ಕಾಗದಕ್ಕೆ ಹಿಂದಿಲ್ಲ ಮುಂದಿಲ್ಲ. ಅಲ್ಲಿ ಪ್ರತಿಯೊಂದು ಪದವೂ ಅಪರಿಚಿತ ಊರಿನಲ್ಲಿ ಇಳಿದ ಪ್ರಯಾಣಿಕನಂತೆ ನಿಂತಿರುತ್ತದೆ.

ಈ ಮೂರು ತಾಲೂಕುಗಳ ನೆಲದಿಂದ ಬಂದ ಮೂವರು ಸಾಹಿತಿಗಳನ್ನು ನೆನೆದರೆ ನಾನು ಹೇಳುವ ಮಾತು ಇನ್ನಷ್ಟು ಸ್ಪಷ್ಟವಾದೀತು. ಈಗ ಬ್ರಹ್ಮಾವರ ತಾಲೂಕಿಗೆ ಸೇರಿದ ಕೋಟದಲ್ಲಿ 1902ರಲ್ಲಿ ಹುಟ್ಟಿದವರು ಶಿವರಾಮ ಕಾರಂತರು. ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ, ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ವನ್ನು ನಾಲ್ಕು ಸಂಪುಟಗಳಲ್ಲಿ ಬರೆದರು. ಅಲ್ಲಿ ಭಾಷೆ ತಿಳಿಯಾದರೂ ವಿಷಯ ಹೊಸದು; ಕಷ್ಟವೇನಾದರೂ ಇದ್ದರೆ ಅದು ವಸ್ತುವಿನದು. ಕುಂದಾಪುರದಲ್ಲಿ 1945ರಲ್ಲಿ ಹುಟ್ಟಿದವರು ವೈದೇಹಿ. ‘ಕ್ರೌಂಚ ಪಕ್ಷಿಗಳು’ ಕಥಾಸಂಕಲನಕ್ಕೆ 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರು. ಅವರ ಕಥೆಗಳಲ್ಲಿ ಬರುವ ಕುಂದಾಪ್ರದ ಆಡುಮಾತು ಇಲ್ಲಿಯ ಹೆಂಗಸರಿಗೆ ಅಡಿಗೆಮನೆಯಷ್ಟು ಸಲೀಸು. ಘಟ್ಟದ ಮೇಲಿನವರು ಒಂದೆರಡು ಕಡೆ ನಿಂತು ಕಿವಿಗೊಡಬೇಕು. ಇದು ಮಾತಿನ ಕಷ್ಟ. ಬೈಂದೂರಿನ ಸಮೀಪದ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿದವರು ಗೋಪಾಲಕೃಷ್ಣ ಅಡಿಗರು. 1959ರ ‘ಭೂಮಿಗೀತ’ದಂಥ ಅವರ ನವ್ಯ ಕಾವ್ಯವನ್ನು ದುರ್ಬೋಧವೆಂದು ದೂರಿದವರು ಹಲವರು. ಪದಕೋಶ ತೆಗೆದು ಪ್ರತಿ ಪದದ ಅರ್ಥ ಬರೆದುಕೊಂಡರೂ ಆ ಪದ್ಯ ಪೂರ್ತಿ ಕೈಗೆ ಬರುವುದಿಲ್ಲ. ಒಂದು ಚಿತ್ರದಿಂದ ಇನ್ನೊಂದಕ್ಕೆ ಕವಿ ಜಿಗಿದ ಕಡೆ ಓದುಗನೂ ಜಿಗಿಯಬೇಕು. ಇದು ಭಾವದ ಕಷ್ಟ.

ಮೂರು ಕಷ್ಟಗಳೂ ಬೇರೆ ಬೇರೆ, ಮೂರೂ ಸಾರ್ಥಕವಾದವು. ಎಲ್ಲ ಬರಹವೂ ಸುಲಭವಾಗಿರಬೇಕೆಂದು ನಾನು ಹೇಳುತ್ತಿಲ್ಲ. ಬೆಟ್ಟ ಹತ್ತಿದರೆ ಕಾಣುವ ನೋಟವನ್ನು ಸಮನೆಲದಲ್ಲಿ ಕಾಣಲಾಗದು. ಕವಿತೆಯ ಕಷ್ಟವನ್ನು ಓದುಗನು ಮನಸಾರೆ ಒಪ್ಪಿಕೊಂಡು ಹೊರುತ್ತಾನೆ. ಬೇಡವಾದರೆ ಪುಸ್ತಕ ಮುಚ್ಚಿಡುತ್ತಾನೆ. ಆದರೆ ಅರ್ಜಿಯನ್ನೂ ಔಷಧದ ಚೀಟಿಯನ್ನೂ ಸಾಲದ ಪತ್ರವನ್ನೂ ಮುಚ್ಚಿಡುವ ಸ್ವಾತಂತ್ರ್ಯ ಅವನಿಗಿಲ್ಲ. ಅಲ್ಲಿಯ ಕಷ್ಟದಿಂದ ಅವನಿಗೆ ಯಾವ ಫಲವೂ ಇಲ್ಲ. ಅಳತೆಗೋಲು ಬೇಕಾದದ್ದು ಅಲ್ಲಿ.

ನಮ್ಮ ಲಿಪಿಯ ಒಂದು ವಿಶೇಷವನ್ನೂ ಇಲ್ಲಿ ಹೇಳಬೇಕು. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಕನ್ನಡದ ಮಗು ಕಲಿಯಬೇಕಾದ ಅಕ್ಷರರೂಪಗಳು ನೂರಾರು. ಸೊನಾಲಿ ನಾಗ್ ಎಂಬ ಸಂಶೋಧಕಿ ಕನ್ನಡ ಮಕ್ಕಳ ಓದನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಅಕ್ಷರಗಳ ಕಲಿಕೆ ಮೊದಲ ವರ್ಷದಲ್ಲಿ ಮುಗಿಯದೆ ಮೇಲಿನ ತರಗತಿಗಳವರೆಗೂ ಸಾಗುತ್ತದೆಂದು ತೋರಿಸಿದರು. ಆದ್ದರಿಂದ ಚಿಕ್ಕ ಮಕ್ಕಳ ಪಾಠದಲ್ಲಿ ಒತ್ತಕ್ಷರಗಳ ಸಂಖ್ಯೆಯೂ ಒಂದು ಅಳತೆಯೇ ಸರಿ. ಆದರೆ ಒಮ್ಮೆ ಅಕ್ಷರಗಳು ಕೈಗೆ ಬಂದವೆಂದರೆ ಕನ್ನಡವನ್ನು ಗಟ್ಟಿಯಾಗಿ ಓದುವುದು ಕಷ್ಟವಲ್ಲ, ಬರೆದಂತೆ ಓದಿದರಾಯಿತು. ಅರ್ಥ ತಿಳಿಯದಿದ್ದರೂ ‘ಹಕ್ಕುಬಾಧ್ಯತೆ’ ಎಂದು ಸ್ಪಷ್ಟವಾಗಿ ಉಚ್ಚರಿಸಬಹುದು. ಇಲ್ಲಿಯೇ ನಾವು ಮೋಸಹೋಗುವುದು. ಮಗ ಸರಾಗವಾಗಿ ಓದುತ್ತಾನೆಂದು ತಂದೆ ತಾಯಿ ಹಿಗ್ಗುತ್ತಾರೆ. ಓದಿದ್ದೇನು ಎಂದು ಕೇಳುವವರು ಕಡಮೆ.

1988ರಲ್ಲಿ ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ ಹೊಸದಾಗಿ ಓದು ಕಲಿತವರಿಗೆ ಒಂದು ಗುರಿಯನ್ನು ಇಟ್ಟಿತು: ಸರಳ ಬರಹವನ್ನು ನಿಮಿಷಕ್ಕೆ 30 ಪದಗಳಂತೆ ಗಟ್ಟಿಯಾಗಿ, 35 ಪದಗಳಂತೆ ಮೌನವಾಗಿ ಓದಬೇಕು. ಗುರಿ ಒಳ್ಳೆಯದೇ. ಆದರೆ ಪದವೆಂಬುದು ಎಲ್ಲ ಭಾಷೆಯಲ್ಲೂ ಒಂದೇ ತೂಕದ್ದಲ್ಲವಲ್ಲ! ಹಿಂದಿಯಲ್ಲಿ ‘ಮೇರೇ ಘರ್ ಮೇಂ’ ಎಂದು ಮೂರು ಪದವಾಗುವುದು ನಮ್ಮಲ್ಲಿ ‘ನನ್ನ ಮನೆಯಲ್ಲಿ’ ಎಂದು ಎರಡೇ ಆಗುತ್ತದೆ. ಕನ್ನಡದ ಒಳಗೂ ಅಷ್ಟೆ. ಮೇಲೆ ಹೇಳಿದ ಸುಲಭ ಬರಹದ ದಾಟಿಯಲ್ಲಿ 30 ಪದವೆಂದರೆ ಸುಮಾರು 96 ಅಕ್ಷರ. ಕಚೇರಿಯ ದಾಟಿಯಲ್ಲಿ ಸುಮಾರು 147. ಒಬ್ಬನ ಹೊರೆ ಇನ್ನೊಬ್ಬನದರ ಸುಮಾರು ಒಂದೂವರೆ ಪಾಲಾಯಿತು.

ಹಾಗಾದರೆ ಎಣಿಕೆಯನ್ನು ಬಿಟ್ಟು ಬೇರೆ ದಾರಿ ಇಲ್ಲವೆ? ಇದೆ. 1953ರಲ್ಲಿ ವಿಲ್ಸನ್ ಟೇಲರ್ ಎಂಬವರು ಒಂದು ಸರಳ ಉಪಾಯವನ್ನು ಹೇಳಿದರು. ಬರಹದಲ್ಲಿ ಪ್ರತಿ ಐದನೆಯ ಪದವನ್ನು ಅಳಿಸಿ ಖಾಲಿ ಬಿಡಿ. ಓದುಗರ ಕೈಗೆ ಕೊಟ್ಟು ತುಂಬಿಸಲು ಹೇಳಿ. ಹೆಚ್ಚು ಪದಗಳು ಸರಿಯಾಗಿ ತುಂಬಿದರೆ ಬರಹ ಅವರಿಗೆ ಸುಲಭ, ಇಲ್ಲವಾದರೆ ಕಷ್ಟ. ಗರ್ಟ್ರೂಡ್ ಸ್ಟೈನ್ ಎಂಬ ಲೇಖಕಿಯ ಬರಹ ಸಣ್ಣ ಸಣ್ಣ ಪದಗಳಿಂದಾದ್ದರಿಂದ ಹಳೆಯ ಸೂತ್ರಗಳ ಪ್ರಕಾರ ಸುಲಭವೆಂದು ಬಂತು. ಟೇಲರ್ ಅವರ ಪರೀಕ್ಷೆಯಲ್ಲಿ ಅದೇ ಬರಹ ಕಷ್ಟವೆಂದು ಹೊರಬಿತ್ತು. ಇಲ್ಲಿ ತಕ್ಕಡಿಯ ಒಂದು ತಟ್ಟೆಯಲ್ಲಿ ಬರಹವಿದೆ, ಇನ್ನೊಂದರಲ್ಲಿ ಓದುಗನೇ ಕುಳಿತಿದ್ದಾನೆ. ಹಿಂದಿನ ಸೂತ್ರಗಳಲ್ಲಿ ಆ ಎರಡನೆಯ ತಟ್ಟೆ ಖಾಲಿಯಿತ್ತು.

ಕನ್ನಡದಲ್ಲಿ ಇದನ್ನು ಮಾಡಿ ನೋಡಬಹುದು. ‘ಜೂನ್ ಬಂತು. ಕಡಲು ಕೆರಳಿತು. ಗಂಗೊಳ್ಳಿಯ ದೋಣಿಗಳೆಲ್ಲ ದಡ ಸೇರಿದವು. ಜುಲೈ ಮುಗಿಯುವವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ...’ ಎಂದು ನಿಲ್ಲಿಸಿದರೆ, ‘ಇಳಿಯುವುದಿಲ್ಲ’ ಎಂದೋ ‘ಹೋಗುವುದಿಲ್ಲ’ ಎಂದೋ ಈ ತೀರದವರು ಯಾರಾದರೂ ಮುಗಿಸಿಯಾರು. ಮೀನು ಹಿಡಿಯುವ ನಿಷೇಧ 61 ದಿನವೆಂಬುದು ಅವರ ಬದುಕಿನ ಲೆಕ್ಕ. ‘ಘೋಷಣಾಪತ್ರವನ್ನು ಸಕ್ಷಮ ಪ್ರಾಧಿಕಾರದ ಮುಂದೆ...’ ಎಂದು ನಿಲ್ಲಿಸಿ ನೋಡಿ. ಬಹಳ ಮಂದಿ ಅಲ್ಲೇ ನಿಂತುಬಿಡುತ್ತಾರೆ. ಕನ್ನಡಕ್ಕೆ ತಕ್ಕಂತೆ ಒಂದೆರಡು ತಿದ್ದುಪಡಿ ಬೇಕಾದೀತು. ‘ಗದ್ದೆಗೆ’ ಎಂಬಲ್ಲಿ ‘ಗದ್ದೆಯಲ್ಲಿ’ ಎಂದು ತುಂಬಿದರೆ ಅದನ್ನು ಪೂರ್ತಿ ತಪ್ಪೆನ್ನಬೇಕೆ, ಅರ್ಧ ಸರಿಯೆನ್ನಬೇಕೆ ಎಂಬಂಥ ಪ್ರಶ್ನೆಗಳು ಏಳುತ್ತವೆ. ಅವನ್ನು ನಮ್ಮ ಭಾಷಾಶಾಸ್ತ್ರಜ್ಞರು ಬಗೆಹರಿಸಬಲ್ಲರು.

ಶಾಸ್ತ್ರಜ್ಞರಿಗಾಗಿ ಕಾಯದೆ ನಾವೇ ಮಾಡಬಹುದಾದ ಪರೀಕ್ಷೆಯೂ ಒಂದಿದೆ. ಪಂಚಾಯತಿ, ಸಹಕಾರಿ ಸಂಘ, ಶಾಲೆ, ಆಸ್ಪತ್ರೆ, ಯಾರೇ ಆಗಲಿ, ಒಂದು ತಿಳಿವಳಿಕೆಪತ್ರವನ್ನು ಅಚ್ಚಿಗೆ ಕೊಡುವ ಮೊದಲು ಮೂವರ ಕೈಗೆ ಕೊಡಲಿ. ಒಬ್ಬರು ಬೈಂದೂರಿನ ಮೀನುಗಾರ ಹೆಂಗಸು, ಒಬ್ಬರು ಕುಂದಾಪುರದ ಅಂಗಡಿಯವರು, ಒಬ್ಬರು ಬ್ರಹ್ಮಾವರದ ತುಳು ಮಾತಾಡುವ ರೈತರು. ಒಂದೇ ಸಲ ಓದಲಿ. ಆಮೇಲೆ ಪತ್ರವನ್ನು ಹಿಂದಕ್ಕೆ ತೆಗೆದುಕೊಂಡು ಮೂರು ಪ್ರಶ್ನೆ ಕೇಳಿ. ಇದು ಯಾರಿಗೆ ಬಂದ ಪತ್ರ? ಅವರು ಏನು ಮಾಡಬೇಕು? ಯಾವಾಗ, ಎಲ್ಲಿ ಮಾಡಬೇಕು? ‘ಅರ್ಥವಾಯಿತೆ?’ ಎಂದು ಮಾತ್ರ ಕೇಳಬೇಡಿ. ಮರ್ಯಾದೆಯುಳ್ಳ ಯಾರೂ ಆ ಪ್ರಶ್ನೆಗೆ ಇಲ್ಲವೆನ್ನುವುದಿಲ್ಲ. ಮೂವರಲ್ಲಿ ಒಬ್ಬರು ತಪ್ಪು ಹೇಳಿದರೂ ತಿದ್ದಬೇಕಾದದ್ದು ಅವರನ್ನಲ್ಲ, ಪತ್ರವನ್ನು.

ಇಲ್ಲಿಯವರೆಗೆ ನಾವು ಅಳೆಯುತ್ತ ಬಂದದ್ದು ಓದುಗನನ್ನು. ಪತ್ರ ತಿಳಿಯದಿದ್ದರೆ ಅವನು ಅನಕ್ಷರಸ್ಥ, ಅವನು ದಡ್ಡ, ಅವನಿಗೆ ಗಮನವಿಲ್ಲ ಎಂದು ತೀರ್ಪು ಕೊಟ್ಟೆವು. ಬರಹವನ್ನು ಅಳೆಯಲು ಹೊರಟ ಈ ಶಾಸ್ತ್ರ, ಅದರ ಸೂತ್ರಗಳು ನಮಗೆ ಹೊಂದದಿದ್ದರೂ, ಒಂದು ದೊಡ್ಡ ಉಪಕಾರ ಮಾಡಿದೆ: ಕೈ ತೋರಿಸುವ ದಿಕ್ಕನ್ನು ಬದಲಿಸಿದೆ. ಬರಹ ತಿಳಿಯದಿದ್ದರೆ ಮೊದಲು ಬರೆದವನನ್ನು ಕೇಳು ಎಂದು ಅದು ಹೇಳುತ್ತದೆ. ತಕ್ಕಡಿ ಹಿಡಿದವನು ಸರಿಯಾಗಿ ತೂಗಬೇಕಾದಂತೆ, ಲೇಖನಿ ಹಿಡಿದವನು ಓದುವವನಿಗೆ ತಿಳಿಯುವಂತೆ ಬರೆಯಬೇಕು. ಅಕ್ಕಿಯಲ್ಲಿ ಒಂದು ಪಾವು ಕಡಮೆಯಾದರೆ ನಾವು ಅಂಗಡಿಯವನನ್ನು ಕೇಳದೆ ಬಿಡುವುದಿಲ್ಲ. ತಿಳಿಯದ ಕಾಗದ ಕೈಗೆ ಬಂದಾಗಲೂ ‘ಇದನ್ನು ತಿಳಿಯುವ ಹಾಗೆ ಬರೆದು ಕೊಡಿ’ ಎಂದು ಕೇಳುವ ಹಕ್ಕು ನಮಗಿದೆ. ಅದನ್ನು ಕೇಳಲು ನಾಚಿಕೆಪಡಬೇಕಾಗಿಲ್ಲ.